ಜೀವನಾಂಶ: ಎರಡನೇ ಸಂಬಂಧ ನೋಡುವಾಗ ಬಿಟ್ಟುಹೋಗುವ ಲೆಕ್ಕ

ಗಂಡ ಹೆಂಡತಿ ಬೇರೆಯಾದಾಗ, ದುಡಿಮೆ ಇಲ್ಲದ ಅಥವಾ ಅದು ಸಾಕಾಗದ ಕಡೆಯವರ ಬದುಕಿಗೆಂದು ಇನ್ನೊಬ್ಬರು ಕೊಡಬೇಕಾದ ಹಣವೇ ಜೀವನಾಂಶ. ಹಿಂದೂ ವಿವಾಹ ಕಾಯ್ದೆ, 1955ರಲ್ಲಿ 24ನೇ ಕಲಂ ಕೇಸು ಮುಗಿಯುವ ತನಕದ್ದು, 25ನೇ ಕಲಂ ಆಮೇಲಿನದ್ದು. ಗಂಡನೂ ಕೇಳಬಹುದು. ಕೇಳುವವರು ಕಡಿಮೆ, ಅಷ್ಟೆ.

ಹಾಸನ, ಚಿಕ್ಕಮಗಳೂರಿನ ಕಡೆ ಎರಡನೇ ಸಂಬಂಧಕ್ಕೂ ಮೊದಲ ಪ್ರಶ್ನೆ ‘ಸಂಬಳ ಎಷ್ಟು, ತೋಟ ಎಷ್ಟೆಕರೆ’ ಎಂಬುದೇ. ಅದರಲ್ಲಿ ಹಿಂದಿನ ಸಂಸಾರಕ್ಕೆ ಎಷ್ಟು ಹೋಗುತ್ತದೆ ಎಂದು ಕೇಳುವವರಿಲ್ಲ. ಸಂಬಳದಾರನದು ಸುಲಭ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿವ್ವಳ ಸಂಬಳದ ಶೇ. 25 ನ್ಯಾಯವೆಂದಿತು, ಅದು ಅಳತೆಗೋಲೇ ಹೊರತು ಕಟ್ಟುನಿಟ್ಟಿನ ನಿಯಮವಲ್ಲ. ಕೈಗೆ 60,000 ಬರುವವನಿಗೆ 15,000 ಹೋದರೆ ಉಳಿಯುವುದು 45,000. ಕಾರಿನ ಕಂತನ್ನು ಕೋರ್ಟು ಸಾಮಾನ್ಯವಾಗಿ ಕಳೆಯುವುದಿಲ್ಲ, ಬ್ಯಾಂಕು ಕಳೆಯುತ್ತದೆ. ಬಯೋಡೇಟಾದಲ್ಲಿ ಮಾತ್ರ 60,000 ಹಾಗೇ ಕೂತಿರುತ್ತದೆ.

ತೊಡಕಿರುವುದು ತೋಟದವರದ್ದರಲ್ಲಿ. ಕಾಫಿಯ ದುಡ್ಡು ಕೊಯ್ಲು ಮುಗಿದ ಮೇಲೆ ಒಟ್ಟಿಗೆ ಬರುತ್ತದೆ, ತಿಂಗಳ ಲೆಕ್ಕಕ್ಕೆ ಸಿಗದು. ಹಣ್ಣನ್ನು ಹಾಗೇ ಮಾರಿದರೆ ಅದು ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ. ಬೆಳೆಗಾರನೇ ಕ್ಯೂರಿಂಗ್ (ಒಣಗಿಸಿದ ಕಾಫಿಯ ಹೊಟ್ಟು ತೆಗೆದು ಬೀಜ ಬೇರ್ಪಡಿಸುವುದು) ಮಾಡಿಸಿ ಮಾರಿದರೂ ಲಾಭದ ಶೇ. 25ಕ್ಕೆ ಮಾತ್ರ ತೆರಿಗೆ. ಹಾಗಾಗಿ ತೆರಿಗೆ ರಿಟರ್ನ್ಸ್ ಒಂದನ್ನೇ ನೋಡಿದರೆ ಪೂರ್ತಿ ತಿಳಿಯದು. ಸುಪ್ರೀಂ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪಿನಿಂದ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ–ಸಾಲಗಳ ಅಫಿಡವಿಟ್ ಕೊಡಬೇಕು. ಪಹಣಿ ಅಪ್ಪನ ಹೆಸರಲ್ಲಿದ್ದರೆ ಅದೂ ಬರಿದೇ. ಕೋರ್ಟಿನಲ್ಲಿ ‘ನನ್ನ ಹೆಸರಲ್ಲಿ ಏನೂ ಇಲ್ಲ’ ಎಂದವನು ಬ್ರೋಕರ್ ಹತ್ತಿರ ‘ಇಪ್ಪತ್ತೆಕರೆ’ ಎನ್ನುತ್ತಾನೆ. ಸಂಬಂಧ ಮುಂದುವರಿಸುವ ಮುಂಚೆ ಜೀವನಾಂಶದ ಆದೇಶ, ಅಫಿಡವಿಟ್, ಪಹಣಿ, ಬೆಳೆಸಾಲದ ಚೀಟಿ ನಾಲ್ಕನ್ನೂ ಒಟ್ಟಿಗಿಟ್ಟು ನೋಡಿ. ಕೊಡಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ.

ಪಡೆಯುವ ಹೆಂಗಸಿಗೆ ಲೆಕ್ಕ ತಿರುಗುಮುರುಗು. ಅವಳು ಮರುಮದುವೆಯಾದರೆ, ಹಣ ಕೊಡುತ್ತಿದ್ದವನ ಅರ್ಜಿಯ ಮೇಲೆ ಕೋರ್ಟು ಹಿಂದೂ ವಿವಾಹ ಕಾಯ್ದೆಯ 25(3)ರಡಿ ಆದೇಶ ರದ್ದು ಮಾಡಬಹುದು. ಮ್ಯಾಜಿಸ್ಟ್ರೇಟ್ ಕೊಡಿಸಿದ ಜೀವನಾಂಶವಾದರೆ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 144) ಮರುಮದುವೆಯ ದಿನದಿಂದಲೇ ರದ್ದು. ತಿಂಗಳಿಗೆ 8,000 ಬರುತ್ತಿದ್ದರೆ ಅದನ್ನು ಬಿಟ್ಟು ಹೊಸಬನ ಮಾತು ನಂಬಬೇಕು. ಮರುಮದುವೆಗೆ ವರ್ಷಗಟ್ಟಲೆ ತಡಮಾಡುವವರನ್ನು ‘ದುಡ್ಡಿನಾಸೆ’ ಎನ್ನುವುದು ಅನ್ಯಾಯ. ಕೆಲಸದಲ್ಲಿರುವವಳಿಗೆ ಈ ಭಯ ಕಡಿಮೆ; ಒಲ್ಲದ ಸಂಬಂಧಕ್ಕೆ ಬೇಡ ಎನ್ನಬಲ್ಲಳು, ಗಂಡಿನ ಕಡೆಯವರಿಗೆ ಅದೇ ಜಂಬವಾಗಿ ಕಾಣುತ್ತದೆ. ಮಕ್ಕಳ ಪಾಲು ಮಾತ್ರ ತಾಯಿಯ ಮರುಮದುವೆಯಿಂದ ನಿಲ್ಲದು. ಮುಂದೆ ಮದುವೆಯ ಯೋಚನೆ ಇರುವವರು ಒಂದೇ ಗಂಟಿನಲ್ಲಿ ತೀರಿಸಿಕೊಳ್ಳುವುದೇ ವಾಸಿ.

ದುಡ್ಡಿಲ್ಲದವರು ಎಡವುವುದು ಇನ್ನೊಂದು ಕಡೆ. ಲಾಯರ್ ಫೀಸಿಗೆ ಹೆದರಿ ಛಾಪಾ ಕಾಗದದ ಮೇಲೆ ‘ಬಿಡುಗಡೆ’ ಬರೆಸಿಕೊಳ್ಳುತ್ತಾರೆ. ರೂಢಿಯ ವಿಚ್ಛೇದನ ಆ ಸಮುದಾಯದಲ್ಲಿ ಇದೆಯೆಂದು ಸಾಬೀತಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಎರಡನೇ ಮದುವೆ ಅಸಿಂಧು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ, 1987ರ ಕಾನೂನು ಸೇವೆಗಳ ಕಾಯ್ದೆಯಡಿ. ಅರ್ಜಿಯನ್ನು ಆಯಾ ಜಿಲ್ಲೆಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೊಡಬೇಕು. ವಿಚ್ಛೇದನದ ಡಿಕ್ರಿ ಬಂದ ಮೇಲೂ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಛತ್ರ ಬುಕ್ ಮಾಡಬೇಡಿ.