ಕರಾವಳಿಯ ಕೋಳಿಮರಿಗೆ ಚಳಿಗಿಂತ ತೇವದ ಭಯ

ಮೊಟ್ಟೆಯೊಡೆದು ಹೊರಬರುವ ಮೊದಲೇ ಕೋಳಿಮರಿ ಉಳಿದ ಹಳದಿಯನ್ನು ತನ್ನ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಲ್ಲೇ ಅದು ಎರಡು ದಿನ ಕಾಳು, ನೀರು ಇಲ್ಲದೆ ತಾಳುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಯ ಒಂದು ದಿನದ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಘಟ್ಟ ಇಳಿದು ಬರಲು ಸಾಧ್ಯವಾಗುವುದು ಇದರಿಂದ. ಆದರೆ ಮೈಬಿಸಿಯನ್ನು ತಾನಾಗಿ ಕಾಪಾಡಿಕೊಳ್ಳುವ ಶಕ್ತಿ ಮರಿಗೆ ಬರಲು ಎರಡು–ಮೂರು ವಾರ ಬೇಕು. ಅಲ್ಲಿಯವರೆಗೆ ಹೇಂಟೆಯ ರೆಕ್ಕೆಯ ಕೆಲಸವನ್ನು ಬಲ್ಬು ಮಾಡಬೇಕು.

ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಕಡಿಮೆ. ಲೆಕ್ಕ ಎಲ್ಲ ಕಡೆಯೂ ಇದೇ. ಆದರೆ ಮಂಗಳೂರು, ಉಡುಪಿಯಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಹೊರಗಿನ ಗಾಳಿಯೇ 33–34 ಡಿಗ್ರಿ ಇರುತ್ತದೆ. ಪುಸ್ತಕ ನೋಡಿ ಹಗಲು ರಾತ್ರಿ ಬಲ್ಬು ಉರಿಸಿದರೆ ಮರಿಗಳು ಬೇಯುತ್ತವೆ. 25 ಮರಿಗೆ ಒಂದು 60 ವ್ಯಾಟ್ ಬಲ್ಬು, ನೆಲದಿಂದ ಒಂದೂವರೆ ಅಡಿ ಮೇಲೆ. ಸೆಖೆಗಾಲದಲ್ಲಿ ಅದು ರಾತ್ರಿಗೆ ಮಾತ್ರ ಸಾಕು. ಹಳೆಯ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ಬೆಳಕು ಕೊಡುತ್ತದೆಯೇ ಹೊರತು ಹೇಳಿಕೊಳ್ಳುವಷ್ಟು ಬಿಸಿ ಕೊಡುವುದಿಲ್ಲ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನಡಿ ಗುಂಪುಗೂಡಿ ಚಿಂವ್‌ಗುಟ್ಟಿದರೆ ಚಳಿ, ಅಂಚಿಗೆ ಓಡಿ ಕೊಕ್ಕು ತೆರೆದರೆ ಸೆಖೆ. ಸುತ್ತಲಿನ ತಡೆ ರಟ್ಟಿನದೋ ತಗಡಿನದೋ ಇರಲಿ, ದುಂಡಗಿರಬೇಕು. ಮೂಲೆಯಿದ್ದರೆ ಅಲ್ಲಿ ಒಂದರ ಮೇಲೊಂದು ಬಿದ್ದು ಅಡಿಯವು ಉಸಿರುಗಟ್ಟಿ ಸಾಯುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ಇದ್ದದ್ದೇ. ಬಾಟಲಿಯಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಮಧ್ಯದಲ್ಲಿಟ್ಟರೆ ಒಂದೆರಡು ತಾಸು ತಳ್ಳಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ, ಅದರ ವಿಷಾನಿಲಕ್ಕೆ ಮರಿಗಳೂ ಉಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದವರೂ ಉಳಿಯುವುದಿಲ್ಲ.

ಚಳಿಯ ವಿಷಯ ಇಷ್ಟೇ. ನಮ್ಮ ಕಡೆ ಮರಿಗಳನ್ನು ಹೆಚ್ಚು ಕೊಲ್ಲುವುದು ಕಾಲಡಿಯ ತೇವ.

ಮೂರರಿಂದ ಆರು ವಾರದ ಮರಿ ರೆಕ್ಕೆ ಇಳಿಬಿಟ್ಟು, ಕುತ್ತಿಗೆ ಒಳಗೆಳೆದು, ಕಣ್ಣು ಮುಚ್ಚಿ ನಿಂತಿದೆ. ಹಿಕ್ಕೆಯಲ್ಲಿ ರಕ್ತವಿದೆ ಎಂದರೆ ಅದು ಸಾಮಾನ್ಯವಾಗಿ ಕಾಕ್ಸಿಡಿಯೋಸಿಸ್. ಐಮೇರಿಯ ಎಂಬ ಏಕಕೋಶ ಜೀವಿ ಕರುಳಿನ ಗೋಡೆಯೊಳಗೆ ಹೊಕ್ಕು ಹೆಚ್ಚುತ್ತದೆ, ಜೀವಕೋಶಗಳನ್ನು ಒಡೆದು ಹೊರಬರುತ್ತದೆ. ಅದರ ಕೋಶಗಳು ಹಿಕ್ಕೆಯೊಂದಿಗೆ ಬಿದ್ದ ಕೂಡಲೇ ರೋಗ ಹರಡುವುದಿಲ್ಲ. ಅವು ಹೊರಗೆ ಪಕ್ವವಾಗಬೇಕು. ಅದಕ್ಕೆ ಗಾಳಿ, ತೇವ ಮತ್ತು 25–30 ಡಿಗ್ರಿ ಶಾಖ ಬೇಕು. ನಮ್ಮ ಜೂನ್–ಜುಲೈ ಅಂದರೆ ಸರಿಯಾಗಿ ಇದೇ. ಅಷ್ಟಿದ್ದರೆ ಒಂದೆರಡು ದಿನದಲ್ಲಿ ಕೋಶ ಸಿದ್ಧ, ಅದನ್ನು ಹೆಕ್ಕಿ ತಿಂದ ಮರಿ ವಾರದೊಳಗೆ ಸಾವಿರಗಟ್ಟಲೆ ಹೊಸ ಕೋಶ ಚೆಲ್ಲುತ್ತದೆ.

ಹಾಗಾಗಿ ಒದ್ದೆಯಾದ ಉಮಿಯನ್ನು ಅದೇ ದಿನ ತೆಗೆದುಹಾಕುವುದು ಬರೀ ಚೊಕ್ಕಟದ ಮಾತಲ್ಲ, ರೋಗದ ಸರಪಳಿ ಕಡಿಯುವ ಕೆಲಸ. ಎರಡು ಇಂಚು ದಪ್ಪ ಭತ್ತದ ಉಮಿ ಹಾಸಿ. ಮೊದಲ ಎರಡು–ಮೂರು ದಿನ ಅದರ ಮೇಲೆ ಗೋಣಿಚೀಲ ಹರಡಿದರೆ ಮರಿಗಳು ಉಮಿ ತಿನ್ನುವುದು ತಪ್ಪುತ್ತದೆ. ಪತ್ರಿಕೆಯ ಕಾಗದ ಬೇಡ, ಜಾರಿ ಕಾಲು ಅಗಲಕ್ಕೆ ಸರಿದ ಮರಿ ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ. ಒಂದು ಹಿಡಿ ಉಮಿ ಮುಷ್ಟಿಯಲ್ಲಿ ಒತ್ತಿ ಬಿಡಿ: ಉದುರಿದರೆ ಸರಿ, ಉಂಡೆಯಾಗಿಯೇ ಉಳಿದರೆ ತೇವ ಜಾಸ್ತಿ. ಹೆಚ್ಚಾಗಿ ತೇವ ಬರುವುದು ಮಾಡಿನಿಂದಲ್ಲ, ನೀರಿನ ಪಾತ್ರೆಯಿಂದ. ಪಾತ್ರೆಯ ಅಂಚು ಮರಿಯ ಬೆನ್ನಿನ ಎತ್ತರಕ್ಕೆ ಬರುವಂತೆ ಇಟ್ಟಿಗೆ ಚೂರಿನ ಮೇಲಿಡಿ, ಮರಿ ಬೆಳೆದಂತೆ ಏರಿಸಿ.

ಸುಣ್ಣ ಎರಚಿದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಒದ್ದೆ ಉಮಿಗೆ ಸುಣ್ಣ ಬಿದ್ದರೆ ಕ್ಷಾರ ಹೆಚ್ಚಿ ಅಮೋನಿಯ ಇನ್ನಷ್ಟು ಏಳುತ್ತದೆ, ಮರಿಗಳ ಕಣ್ಣು ಉರಿಯುತ್ತದೆ, ಶ್ವಾಸನಾಳ ಕೆಡುತ್ತದೆ. ಫಿನಾಯಿಲಿಗೂ ಐಮೇರಿಯದ ಕೋಶ ಬಗ್ಗುವುದಿಲ್ಲ. ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಮರಿಯ ಎತ್ತರದಲ್ಲಿ ಉಸಿರೆಳೆದು ನೋಡಿ. ಮೂಗು ಚುರುಗುಟ್ಟಿದರೆ ಉಮಿ ಬದಲಿಸುವುದೇ ದಾರಿ.

ರೋಗ ಬಂದೇಬಿಟ್ಟರೆ ಪಶುವೈದ್ಯರು ಕೊಡುವ ಮಾಮೂಲು ಮದ್ದು ಆಂಪ್ರೋಲಿಯಂ. 20 ಶೇಕಡಾ ಪುಡಿಯಾದರೆ ಲೀಟರ್ ನೀರಿಗೆ 1.2 ಗ್ರಾಂನಂತೆ ಐದು ದಿನ, ಆ ದಿನಗಳಲ್ಲಿ ಬೇರೆ ನೀರು ಇಡುವಂತಿಲ್ಲ. ಇಲ್ಲೊಂದು ಎಡವಟ್ಟು ಆಗುತ್ತಿರುತ್ತದೆ. ಆಂಪ್ರೋಲಿಯಂ ಅಣು ಥಯಮಿನ್, ಅಂದರೆ ಬಿ1 ವಿಟಮಿನ್ನನ್ನು ಹೋಲುತ್ತದೆ. ಪರಾವಲಂಬಿ ಥಯಮಿನ್ ಹೀರುವ ದಾರಿಗೆ ಇದು ಅಡ್ಡ ಕೂರುತ್ತದೆ. ಮರಿಗೆ ನಿತ್ರಾಣ ಎಂದು ಮರುಕಪಟ್ಟು ಅದೇ ನೀರಿಗೆ ಬಿ ಕಾಂಪ್ಲೆಕ್ಸ್ ಟಾನಿಕ್ ಹಾಕಿದರೆ ಮದ್ದಿನ ಕೆಲಸ ಅಲ್ಲಿಗೇ ಮುಗಿಯಿತು. ಟಾನಿಕ್ ಬೇಕಾದರೆ ಚಿಕಿತ್ಸೆ ಮುಗಿದ ಮೇಲೆ.

ಲಸಿಕೆಗಳನ್ನು ಮಾತ್ರ ದಿನ ನೋಡಿಯೇ ಹಾಕಬೇಕು: ಕೊಕ್ಕರೆ ರೋಗಕ್ಕೆ (ರಾಣಿಖೇತ್) 5–7ನೇ ದಿನ ಲಸೋಟ ಎಂಬ ಲಸಿಕೆ, ಕಣ್ಣಿಗೊಂದು ಹನಿ, ಗಂಬೊರೊ ರೋಗದ ಲಸಿಕೆ 14ನೇ ದಿನ, ಲಸೋಟ ಮತ್ತೆ 28ನೇ ದಿನ, ಸಿಡುಬಿಗೆ ಆರನೇ ವಾರ, ರೆಕ್ಕೆಯ ತೊಗಲಿಗೆ, ಎಂಟನೇ ವಾರ ಕೊಕ್ಕರೆ ರೋಗಕ್ಕೇ ಇನ್ನೊಂದು ಲಸಿಕೆ, ಆರ್2ಬಿ. ಕೋಳಿ ಸಿಡುಬನ್ನು ಸೊಳ್ಳೆ ಹರಡುತ್ತದೆ, ಆದ್ದರಿಂದ ಕರಾವಳಿಯಲ್ಲಿ ಅದನ್ನು ಬಿಡುವ ಹಾಗಿಲ್ಲ. ಚುಚ್ಚಿದ ಜಾಗದಲ್ಲಿ ವಾರದ ಮೇಲೆ ಸಣ್ಣ ಗಂಟು ಕಾಣಬೇಕು, ಕಾಣದಿದ್ದರೆ ಲಸಿಕೆ ಹಿಡಿದಿಲ್ಲ. ಇವು ಜೀವಂತ ಲಸಿಕೆಗಳು; ಮಂಜುಗಡ್ಡೆಯಲ್ಲಿಟ್ಟು ತನ್ನಿ, ಕಲಸಿದ ಎರಡು ಗಂಟೆಯೊಳಗೆ ಮುಗಿಸಿ.

ಆಹಾರದಲ್ಲಿ ಎಂಟು ವಾರದವರೆಗೆ ಸುಮಾರು 20 ಶೇಕಡಾ ಪ್ರೋಟೀನ್ ಇರುವ ಚಿಕ್ ಸ್ಟಾರ್ಟರ್. ಬರೀ ನುಚ್ಚಕ್ಕಿಯಲ್ಲಿ ಮರಿ ಬದುಕುತ್ತದೆ, ಬೆಳೆಯುವುದಿಲ್ಲ. ಮನೆಯಲ್ಲಿ ಉಳಿದ ಒಣಮೀನು ಪ್ರೋಟೀನ್ ಎಂದು ಹಾಕಬೇಡಿ, ಅದರ ಉಪ್ಪೇ ಮರಿಗೆ ವಿಷ. ಮಳೆಗಾಲದಲ್ಲಿ ಚೀಲದ ಬಾಯಿ ತೆರೆದಿಟ್ಟರೆ ಜೋಳದ ಚೂರಿಗೂ ನೆಲಗಡಲೆ ಹಿಂಡಿಗೂ ಬೂಸ್ಟು ಹಿಡಿಯುತ್ತದೆ. ಅದರಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಯಕೃತ್ತನ್ನು ಹಾಳು ಮಾಡುತ್ತದೆ. ಬಿಸಿಲಿಗೆ ಹಾಕಿದರೆ ಬೂಸ್ಟು ಒಣಗಬಹುದು, ವಿಷ ಹಾಗೇ ಉಳಿಯುತ್ತದೆ. ಎರಡು ವಾರಕ್ಕೆ ಬೇಕಾದಷ್ಟೇ ತಂದು ಮುಚ್ಚಳದ ಡ್ರಮ್ಮಿನಲ್ಲಿಡುವುದು ಲೇಸು.

ಮೈತುಂಬ ಗರಿ ಬಂದ ಮೇಲೆ, ಆರೆಂಟು ವಾರಕ್ಕೆ, ಹೊರಗಿನ ಗೂಡು. ಅಕ್ಟೋಬರಿನಲ್ಲಿ ಮರಿ ತಂದವರಿಗೆ ಇದು ಡಿಸೆಂಬರ್. ನೆಲ ಒಣಗಿರುತ್ತದೆ, ಆಟಿಯ (ಜುಲೈ–ಆಗಸ್ಟ್) ಮಳೆ ಬರುವಾಗ ಕೋಳಿ ಬಲಿತಿರುತ್ತದೆ. ನನ್ನ ಮಟ್ಟಿಗೆ ಕರಾವಳಿಯಲ್ಲಿ ಮರಿ ತರಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹತ್ತು ಕೋಳಿಗೆ 4 ಅಡಿ ಅಗಲ 5 ಅಡಿ ಉದ್ದದ ಗೂಡು, ಕೆಂಪುಕಲ್ಲಿನ ಕಂಬದ ಮೇಲೆ ಎರಡೂವರೆ ಅಡಿ ಎತ್ತರದಲ್ಲಿ. ನೆಲಕ್ಕೆ ಅಡಿಕೆ ದಬ್ಬೆ, ನಡುವೆ ಮುಕ್ಕಾಲು ಇಂಚು ಸಂದು. ಹಿಕ್ಕೆ ಕೆಳಗೆ ಬೀಳುತ್ತದೆ, ಕೋಳಿ ಅದನ್ನು ಕೆದಕುವುದಿಲ್ಲ. ಹಾಗೆಂದು ಮರಿಗಳನ್ನು ಮೊದಲ ದಿನದಿಂದಲೇ ಜಾಲರಿಯ ಮೇಲೆ ಸಾಕಬೇಡಿ. ಒಣ ಉಮಿಯಲ್ಲಿ ಅಲ್ಪಸ್ವಲ್ಪ ಐಮೇರಿಯ ಹೊಟ್ಟೆಗೆ ಹೋದ ಮರಿಗೆ ಪ್ರತಿರೋಧ ಬಂದಿರುತ್ತದೆ. ಏನೂ ತಾಗದೆ ಬೆಳೆದದ್ದು ಹಿತ್ತಿಲಿಗೆ ಇಳಿದ ವಾರದೊಳಗೆ ಮಲಗುತ್ತದೆ.

ಗೂಡಿನ ಉದ್ದ ಪೂರ್ವ–ಪಶ್ಚಿಮಕ್ಕಿರಲಿ. ಬಿಸಿಲು ಒಳಗೆ ಕಡಿಮೆ ಹೊಡೆಯುತ್ತದೆ, ಪಶ್ಚಿಮದಿಂದ ಬರುವ ಎರಚಲು ಕಿರಿದಾದ ಗೋಡೆಗೆ ತಾಗುತ್ತದೆ; ಆ ಗೋಡೆ ಪೂರ್ತಿ ಮುಚ್ಚಿರಬೇಕು, ಮಾಡು ಮೂರು ಅಡಿ ಹೊರಚಾಚಬೇಕು. ಉದ್ದದ ಎರಡೂ ಬದಿ ಮೇಲ್ಭಾಗ ಜಾಲರಿ. ಕೋಳಿಗೆ ಬೆವರು ಗ್ರಂಥಿಯಿಲ್ಲ, ಏದುಸಿರಿನಲ್ಲಿ ನೀರಾವಿ ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಆ ಉಪಾಯ ಸೋಲುತ್ತದೆ, ಬೀಸುಗಾಳಿಯೊಂದೇ ಗತಿ. ಜಾಲರಿ ಅರ್ಧ ಇಂಚಿನ ಬೆಸುಗೆಯದೇ ಇರಲಿ. ಆರು ಮೂಲೆಯ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ, ಆದರೆ ನಾಯಿ, ಕಾಡುಬೆಕ್ಕು ಅದನ್ನು ಹರಿಯುತ್ತವೆ, ಕೇರೆಹಾವು ಬಲೆಯ ಕಣ್ಣಿನೊಳಗೇ ತೂರುತ್ತದೆ.

ಹೊಸ ಗೂಡಿನಲ್ಲಿ ನಾಲ್ಕೈದು ದಿನ ಕೂಡಿಹಾಕಿ, ಆಮೇಲೆ ಸಂಜೆ ಒಂದು ಗಂಟೆ ಮಾತ್ರ ಹಸಿದ ಹೊಟ್ಟೆಯಲ್ಲಿ ಬಿಡಿ, ಗೂಡಿನೊಳಗೆ ಕಾಳು ಹಾಕಿ ಕರೆಯಿರಿ. ತಾವಾಗಿ ಬರಲು ಕಲಿಯುತ್ತವೆ.

ಐದೂವರೆ–ಆರು ತಿಂಗಳಿಗೆ ಮೊಟ್ಟೆ ಶುರು. ಸುಣ್ಣಾಂಶ ಹೆಚ್ಚಿರುವ ಲೇಯರ್ ಫೀಡ್ ಆಗ ಮಾತ್ರ. ಎಳೆಯವಕ್ಕೆ ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ. ಜೊತೆಗೆ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ತೊಳೆದು ಒಣಗಿಸಿ ಕುಟ್ಟಿ ಬೇರೆ ತಟ್ಟೆಯಲ್ಲಿಡಿ. ಹೆಸರುಕಾಳಿನ ಗಾತ್ರ ಸಾಕು, ನುಣ್ಣಗೆ ಪುಡಿ ಮಾಡಬೇಡಿ. ಮೊಟ್ಟೆಯ ಚಿಪ್ಪು ಬಹುಪಾಲು ಕಟ್ಟುವುದು ಕೋಳಿ ಏನೂ ತಿನ್ನದ ರಾತ್ರಿಯಲ್ಲಿ. ಪುಡಿ ಬೇಗ ಕರಗಿ ಹೋಗುತ್ತದೆ, ಸಂಜೆ ನುಂಗಿದ ಚೂರು ಬೆಳಗಿನವರೆಗೂ ನಿಧಾನವಾಗಿ ಕರಗುತ್ತಿರುತ್ತದೆ.