ಡೊಮೇನ್ ಯಾರ ಹೆಸರಲ್ಲಿದೆ?

ನಮ್ಮ ಆಫೀಸಿಗೆ ಬರುವ ಡೊಮೇನ್ (ವೆಬ್‌ಸೈಟ್ ವಿಳಾಸದ ಹೆಸರು) ತಕರಾರುಗಳಲ್ಲಿ ಅಪರಿಚಿತರು ಹೆಸರು ಹಾರಿಸಿಕೊಂಡು ಹೋದದ್ದು ಕಡಿಮೆ. ಎದುರು ಪಾರ್ಟಿ ಸಾಮಾನ್ಯವಾಗಿ ಗೊತ್ತಿರುವವರೇ: ವೆಬ್‌ಸೈಟ್ ಮಾಡಿಕೊಟ್ಟ ಹುಡುಗ, ಇಲ್ಲವೇ ಬಿಟ್ಟುಹೋದ ಪಾಲುದಾರ. ಅಂಗಡಿಯವರು ದುಡ್ಡು ಕೊಟ್ಟಿರುತ್ತಾರೆ, ವರ್ಷಾವರ್ಷ ರಿನ್ಯೂ ಮಾಡಿಸಿರುತ್ತಾರೆ. ಆದರೆ ಡೊಮೇನ್ ನೋಂದಾಯಿಸಿಕೊಡುವ ಕಂಪನಿ, ಅಂದರೆ ರಿಜಿಸ್ಟ್ರಾರ್, ಹತ್ತಿರ ಇರುವುದು ಡೆವಲಪರ್ ಹೆಸರು, ಅವನ ಜಿಮೇಲ್. ನಿವೇಶನಕ್ಕೆ ದುಡ್ಡು ಕೊಟ್ಟವರು ಒಬ್ಬರು, ಖಾತೆ ಇನ್ನೊಬ್ಬರ ಹೆಸರಲ್ಲಿ ಇದ್ದ ಹಾಗೆ. ಬಿಲ್ಲಿನ ವಿಚಾರಕ್ಕೆ ಜಗಳ ಆದ ದಿನ ಅವನು ಪಾಸ್‌ವರ್ಡ್ ಕೊಡುವುದಿಲ್ಲ. ವೆಬ್‌ಸೈಟ್ ಅಷ್ಟೇ ಅಲ್ಲ, ಕಂಪನಿಯ ಇಮೇಲೂ ಅವನ ಕೈಯಲ್ಲೇ.

'ಹೆಸರು ನಮ್ಮದು ಅಲ್ವಾ ಸಾರ್?' ಎಂದು ಎಲ್ಲರೂ ಕೇಳುತ್ತಾರೆ. ಹೌದು, ಆ ಮಾತಿಗೆ ಕಾನೂನಿನ ಬಲ ಇದೆ. ಅದು ಗಟ್ಟಿಯಾದದ್ದು ಬೆಂಗಳೂರಿನಲ್ಲೇ ಶುರುವಾದ ಕೇಸಿನಿಂದ. ಸತ್ಯಂ ಇನ್ಫೋವೇ ಕಂಪನಿ 1999ರಲ್ಲೇ 'ಸಿಫಿ' ಹೆಸರಿನ ಡೊಮೇನ್‌ಗಳನ್ನು ತೆಗೆದುಕೊಂಡಿತ್ತು. ಆಮೇಲೆ ಇನ್ನೊಂದು ಕಂಪನಿ, ಒಂದು ಎಫ್ ಅಕ್ಷರ ಜಾಸ್ತಿ ಸೇರಿಸಿ, 'ಸಿಫ್ಫಿನೆಟ್' ಎಂದು ನೋಂದಾಯಿಸಿತು. ಐದು ಜನ ಪ್ರವರ್ತಕರ ಹೆಸರಿನ ಮೊದಲಕ್ಷರ ಸೇರಿಸಿದ್ದು ಎಂಬುದು ಅವರ ವಾದ. ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಐದಕ್ಷರದ ಕಥೆ ಒಪ್ಪದೆ, ಸಿಟಿ ಸಿವಿಲ್ ಕೋರ್ಟಿನ ಆದೇಶವನ್ನೇ ಮತ್ತೆ ಜಾರಿಗೆ ತಂದಿತು. ಡೊಮೇನ್‌ಗೆ ಅಂತ ಬೇರೆ ಕಾಯ್ದೆ ಇಲ್ಲದಿದ್ದರೂ ಟ್ರೇಡ್‌ಮಾರ್ಕಿಗೆ ಸಿಗುವ ರಕ್ಷಣೆ ಅದಕ್ಕೂ ಸಿಗುತ್ತದೆ ಎಂದಿತು. ನನ್ನ ಪ್ರಕಾರ ಇವತ್ತಿಗೂ ಸಣ್ಣ ವ್ಯಾಪಾರಿಗೆ ಇದಕ್ಕಿಂತ ಉಪಯೋಗದ ತೀರ್ಪು ಇಲ್ಲ.

ಕೋರ್ಟಿಗೆ ಹೋಗದೆಯೂ ದಾರಿ ಇದೆ. ಡಾಟ್ ಕಾಮ್ ಆದರೆ ಯುಡಿಆರ್‌ಪಿ ಎಂಬ ಅಂತರರಾಷ್ಟ್ರೀಯ ಡೊಮೇನ್ ವಿವಾದ ನಿಯಮ, ಹೆಚ್ಚಿನ ದೂರು ಹೋಗುವುದು ಜಿನೀವಾದ ವೈಪೋಗೆ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಗೆ. ತೀರ್ಮಾನ ಕೊಡುವ ಪ್ಯಾನೆಲಿಸ್ಟ್ ಒಬ್ಬರೇ ಇದ್ದರೆ ಐದು ಡೊಮೇನ್‌ವರೆಗೆ ಶುಲ್ಕ 1500 ಡಾಲರ್. ಡೊಮೇನ್ ವಾಪಸ್ ಬರಬಹುದು ಅಥವಾ ರದ್ದಾಗಬಹುದು, ಪರಿಹಾರದ ದುಡ್ಡು ಸಿಗುವುದಿಲ್ಲ. ಡಾಟ್ ಇನ್ ಆದರೆ, ಆ ಡೊಮೇನ್‌ಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆ ನೇಮಿಸುವ ಆರ್ಬಿಟ್ರೇಟರ್ (ಮಧ್ಯಸ್ಥಗಾರ) ತೀರ್ಮಾನಿಸುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಯುಡಿಆರ್‌ಪಿಯಲ್ಲಿ ಡೊಮೇನನ್ನು ನೋಂದಾಯಿಸಿದ್ದೂ ದುರುದ್ದೇಶದಿಂದ, ಬಳಸಿದ್ದೂ ದುರುದ್ದೇಶದಿಂದ ಎಂದು ತೋರಿಸಬೇಕು. ಎರಡೂ ಬೇಕು. ನಿಮ್ಮ ಒಪ್ಪಿಗೆಯಿಂದಲೇ, ನಿಮಗಾಗಿಯೇ ಡೆವಲಪರ್ ನೋಂದಾಯಿಸಿದ್ದಾಗ ಆವತ್ತಿನ ದುರುದ್ದೇಶ ಎಲ್ಲಿಂದ ತರುತ್ತೀರಿ? ಇದು ಒಪ್ಪಂದದ ಜಗಳ, ಕೋರ್ಟಿಗೆ ಹೋಗಿ ಎಂದು ಪ್ಯಾನೆಲ್ ಕೈತೊಳೆದುಕೊಳ್ಳಬಹುದು. ಡಾಟ್ ಇನ್ ನಿಯಮದಲ್ಲಿ ಎರಡರಲ್ಲಿ ಒಂದು ಸಾಬೀತಾದರೂ ಸಾಕು. ಹಾಗಾಗಿ ಒಂದೇ ಅಂಗಡಿಯ ಎರಡು ಡೊಮೇನ್‌ಗಳಿಗೆ ಎರಡು ಬೇರೆ ಫಲಿತಾಂಶ ಬರುವ ಸಾಧ್ಯತೆ ಇದೆ. ಜನ ಎಲ್ಲಾ ಒಂದೇ ಅಂದುಕೊಂಡು ಸುಮ್ನೆ ಶುಲ್ಕ ಕಟ್ಟುವುದು ನೋಡಿದರೆ ಬೇಜಾರಾಗುತ್ತದೆ.

ಕಕ್ಷಿದಾರರು ಬಂದಾಗ ನಾನು ಮೊದಲು ನೋಡುವುದು ಡೊಮೇನ್ ಅವಧಿ ಮುಗಿಯುವ ದಿನಾಂಕ. ಡಾಟ್ ಕಾಮ್ ಅಳಿಸಿಹೋದ ಮೇಲೂ 30 ದಿನ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ, ಆದರೆ ಅದು ಸಿಗುವುದು ರಿಜಿಸ್ಟ್ರಾರ್ ಲೆಕ್ಕದಲ್ಲಿ ಹೆಸರಿರುವವರಿಗೆ. ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು.

ಎರಡನೆಯದು ವಾಟ್ಸಾಪ್. ಡೆವಲಪರ್ ಎಂದೋ ಕಳಿಸಿದ 'ಸಾರ್, ನಿಮ್ಮ ಡೊಮೇನ್ ರಿನ್ಯೂವಲ್ ಬಂದಿದೆ, ದುಡ್ಡು ಹಾಕಿ' ಎಂಬ ಮೆಸೇಜಿಗೆ ಬೆಲೆ ಕಟ್ಟಲಾಗುವುದಿಲ್ಲ. ಡೊಮೇನ್ ನಿಮ್ಮದು ಎಂದು ಅವನೇ ಬರೆದುಕೊಟ್ಟಂತೆ. ಜೊತೆಗೆ ಯುಪಿಐ ಪಾವತಿಯ ದಾಖಲೆ, ಹಳೆಯ ಕೊಟೇಶನ್, ಬಿಲ್. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಆ ಫೋನ್ ಮಾರಬೇಡಿ. ಕೋರ್ಟಿನಲ್ಲಿ ಅದರ ಪ್ರಿಂಟ್ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ.