ಕ್ವೆರಿ ಮುಗ್ದಿದೆ, ಟ್ರಾನ್ಸಾಕ್ಷನ್ ಮುಗ್ದಿಲ್ಲ

ಡೇಟಾಬೇಸ್ ಸ್ಲೋ ಆಗಿದೆ ಅಂತ ಕಾಲ್ ಬಂದ್ರೆ ಎಲ್ರೂ ಮೊದ್ಲು ಹುಡುಕೋದು ಯಾವ ಭಾರಿ ಕ್ವೆರಿ (ಡೇಟಾಬೇಸ್‌ಗೆ ಕೊಡೋ ಆದೇಶ) ಓಡ್ತಿದೆ ಅಂತ. ನಾನೂ ಹಂಗೇ ಮಾಡ್ತಿದ್ದೆ. ಆದ್ರೆ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿ ಎಷ್ಟೋ ಸಲ ಎಲ್ರನ್ನೂ ತಡೆದು ನಿಲ್ಸಿರೋದು ಏನೂ ಮಾಡದೆ ಸುಮ್ನೆ ಕೂತಿರೋ ಕನೆಕ್ಷನ್. ಯಾವ ಕನೆಕ್ಷನ್ ಏನು ಮಾಡ್ತಿದೆ ಅಂತ ತೋರ್ಸೋ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ವ್ಯೂನಲ್ಲಿ ಅದರ ಸ್ಟೇಟ್ 'ಐಡಲ್ ಇನ್ ಟ್ರಾನ್ಸಾಕ್ಷನ್' ಅಂತಿರುತ್ತೆ, ಅಂದ್ರೆ ಬಿಗಿನ್ ಅಂತ ಟ್ರಾನ್ಸಾಕ್ಷನ್ (ಎಲ್ಲ ಒಟ್ಟಿಗೆ ಉಳಿಬೇಕಾದ ಇಲ್ಲಾ ಒಟ್ಟಿಗೆ ರದ್ದಾಗ್ಬೇಕಾದ ಕೆಲ್ಸಗಳ ಗುಂಪು) ಶುರುವಾಗಿದೆ, ಕ್ವೆರಿನೂ ಮುಗ್ದಿದೆ, ಅದನ್ನ ಉಳಿಸಿ ಮುಗಿಸೋ ಕಮಿಟ್ಟು ಮಾತ್ರ ಬಂದಿಲ್ಲ.

ಒಂದ್ಸಲ ನಾವು ಟೇಬಲ್‌ಗೆ ಒಂದು ಕಾಲಮ್ ಸೇರ್ಸೋಕೆ ಆಲ್ಟರ್ ಟೇಬಲ್ ಕೊಟ್ವಿ, ಕಣ್ಮುಚ್ಚಿ ಬಿಡೋದ್ರೊಳಗೆ ಆಗ್ಬೇಕಿದ್ದ ಕೆಲ್ಸ, ಆದ್ರೆ ಯಾರೋ ಆಟೋಕಮಿಟ್ (ಪ್ರತಿ ಕ್ವೆರಿ ಆದ್ಮೇಲೆ ತಾನೇ ಕಮಿಟ್ ಆಗೋದು) ಆಫ್ ಮಾಡ್ಕೊಂಡು ಅದೇ ಟೇಬಲ್ ಮೇಲೆ ಒಂದು ಸೆಲೆಕ್ಟ್ (ಓದೋ ಕ್ವೆರಿ) ಹೊಡೆದು ಎದ್ದು ಹೋಗಿದ್ರು, ಆ ಸೆಲೆಕ್ಟಿನ ಸಣ್ಣ ಲಾಕ್ ಟ್ರಾನ್ಸಾಕ್ಷನ್ ಮುಗಿಯೋವರ್ಗೂ ಬಿಡಲ್ಲ, ಅದಕ್ಕೆ ಆಲ್ಟರ್ ಕಾಯ್ತಾ ನಿಂತ್ತು, ಆಲ್ಟರ್ ಹಿಂದೆ ಬಂದ ಸೆಲೆಕ್ಟ್‌ಗಳೆಲ್ಲ ಕ್ಯೂ ನಿಂತ್ವು. ಪೂರ್ತಿ ಆ್ಯಪ್ ನಿಂತೋಯ್ತು. ಅವತ್ತಿಂದ ಲಾಕ್ ಟೈಮ್‌ಔಟ್ (ಲಾಕ್‌ಗೆ ಇಷ್ಟೊತ್ತು ಮಾತ್ರ ಕಾಯಿ ಅನ್ನೋ ಮಿತಿ) ಹಾಕ್ದೆ ನಾನು ಆಲ್ಟರ್ ಓಡ್ಸಲ್ಲ.

ಇನ್ನೊಂದು ನಷ್ಟ ನಿಧಾನಕ್ಕೆ ಆಗೋದು. ಟ್ರಾನ್ಸಾಕ್ಷನ್ ಏನಾದ್ರೂ ಬರೆದು ಹಂಗೇ ಕೂತ್ರೆ, ಇಲ್ಲಾ ರಿಪೀಟಬಲ್ ರೀಡ್‌ನಲ್ಲಿದ್ರೆ (ಮೊದ್ಲು ಕಂಡ ಡೇಟಾನೇ ಕೊನೇವರ್ಗೂ ಕಾಣೋ ಮೋಡ್), ಅದು ಶುರುವಾದ್ಮೇಲೆ ಸತ್ತ ಸಾಲುಗಳನ್ನ (ಅಳಿಸಿದ ಇಲ್ಲಾ ಬದಲಾದ ಸಾಲುಗಳ ಹಳೇ ಪ್ರತಿ) ಕಸ ಗುಡಿಸೋ ವ್ಯಾಕ್ಯೂಮ್ ತೆಗೆಯೋಕಾಗಲ್ಲ. ಟೇಬಲ್ ಊದ್ಕೊಳ್ತಾ ಹೋಗುತ್ತೆ.

ಜಾಸ್ತಿ ಹೊತ್ತು ಓಡೋ ಕ್ವೆರಿ ನಿಲ್ಸೋ ಸ್ಟೇಟ್‌ಮೆಂಟ್ ಟೈಮ್‌ಔಟ್ ಹಾಕಿದೀವಲ್ಲ ಅಂತ ತುಂಬಾ ಜನ ನೆಮ್ಮದಿಯಾಗಿರ್ತಾರೆ. ಅದು ಸ್ಟೇಟ್‌ಮೆಂಟ್ ಓಡ್ತಿರೋವಾಗ ಮಾತ್ರ ಎಣಿಸುತ್ತೆ, ಇಲ್ಲಿ ಓಡ್ತಿರೋದೇ ಏನಿಲ್ಲ. ಓಡ್ತಿರೋ ಕ್ವೆರಿ ರದ್ದು ಮಾಡೋ ಪಿಜಿ ಕ್ಯಾನ್ಸಲ್ ಬ್ಯಾಕೆಂಡ್ ಕೂಡ ಇದೇ ಕಾರಣಕ್ಕೆ ಉಪಯೋಗಕ್ಕೆ ಬರಲ್ಲ, ಕನೆಕ್ಷನ್ನನ್ನೇ ಟರ್ಮಿನೇಟ್ ಮಾಡ್ಬೇಕು. ಇದಕ್ಕಂತಲೇ 2016ರ 9.6 ವರ್ಷನ್‌ನಲ್ಲಿ, ಹಿಂಗೆ ಸುಮ್ನೆ ಕೂತ ಕನೆಕ್ಷನ್ ಕಟ್ ಮಾಡೋ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮ್‌ಔಟ್ ಬಂತು. ಡಿಫಾಲ್ಟ್ 0, ಅಂದ್ರೆ ಆಫ್, ನೀವೇ ಆನ್ ಮಾಡ್ಬೇಕು. ಯೂನಿಟ್ ಬರೀದೆ ಬರೀ 60 ಅಂತ ಕೊಟ್ರೆ ಅದು 60 ಮಿಲಿಸೆಕೆಂಡ್, ಕಂಡಕಂಡ ಕನೆಕ್ಷನ್ನೆಲ್ಲ ಕಟ್ ಆಗುತ್ತೆ, ದಯವಿಟ್ಟು ಯೂನಿಟ್ ಬರೀರಿ.

ಇಡೀ ಸರ್ವರ್‌ಗೆ ಒಂದೇ ಟೈಮ್‌ಔಟ್ ಹಾಕೋದು ನಂಗಿಷ್ಟ ಇಲ್ಲ. ಆಲ್ಟರ್ ರೋಲ್‌ನಿಂದ ಆ್ಯಪ್ ಯೂಸರ್‌ಗೆ 30 ಸೆಕೆಂಡ್, ಕೈಯಲ್ಲಿ ಕ್ವೆರಿ ಹೊಡೆಯೋರಿಗೆ 10 ನಿಮಿಷ, ಹಿಂಗೆ ಶುರು ಮಾಡ್ತೀನಿ. ಬ್ಯಾಕಪ್ ತೆಗೆಯೋ ಪಿಜಿ ಡಂಪ್ ಬಗ್ಗೆ ಭಯ ಬೇಡ, ಅದು ತನ್ನ ಸೆಷನ್‌ನಲ್ಲಿ ಈ ಟೈಮ್‌ಔಟನ್ನ ತಾನೇ 0 ಮಾಡ್ಕೊಳುತ್ತೆ. ಆದ್ರೆ ಆಗಾಗ ಒಂದೊಂದು ಕ್ವೆರಿ ಕಳಿಸ್ತಾ ಗಂಟೆಗಟ್ಟಲೆ ತೆರೆದೇ ಇರೋ ಟ್ರಾನ್ಸಾಕ್ಷನ್ ಇದಕ್ಕೆ ಸಿಗಲ್ಲ, ಅದಕ್ಕೆ 2024ರ 17ನೇ ವರ್ಷನ್‌ನಲ್ಲಿ ಬಂದ ಟ್ರಾನ್ಸಾಕ್ಷನ್ ಟೈಮ್‌ಔಟ್ ಬೇಕು. ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್‌ನವ್ರು, ಸುಮ್ನಿರೋ ಕನೆಕ್ಷನ್ ಕಟ್ ಮಾಡೋ ವೇಟ್ ಟೈಮ್‌ಔಟ್ ನೋಡ್ಕೊಳ್ಳಿ, ಡಿಫಾಲ್ಟ್ 28800 ಸೆಕೆಂಡ್, ಪೂರಾ 8 ಗಂಟೆ.

ಟೈಮ್‌ಔಟ್ ಹೊಡೆದಾಗ ಕನೆಕ್ಷನ್ನೇ ಹೋಗುತ್ತೆ, ಬರೆದಿದ್ದೆಲ್ಲ ರೋಲ್‌ಬ್ಯಾಕ್ (ರದ್ದು) ಆಗುತ್ತೆ, ಆ್ಯಪ್‌ಗೆ ಕನೆಕ್ಷನ್ ಹಂಚೋ ಪೂಲ್ ಅದನ್ನ ತಡ್ಕೊಳ್ಳೋ ಹಂಗಿರ್ಬೇಕು. ಆಗ ಲಾಗ್‌ನಲ್ಲಿ ಬರೋ 25ಪಿ03 ಎರರ್ ಹಿಡ್ಕೊಂಡು ಕೋಡ್‌ಗೆ ಹೋಗಿ, ನಾನು ನೋಡಿದ್ರಲ್ಲಿ ಹೆಚ್ಚಿನವು ಬಿಗಿನ್‌ಗೂ ಕಮಿಟ್‌ಗೂ ಮಧ್ಯ ಹೊರಗಿನ ಎಪಿಐ (ಬೇರೆ ಸಾಫ್ಟ್‌ವೇರ್‌ನ ಸೇವೆ) ಕರೆದು ಉತ್ತರಕ್ಕೆ ಕಾಯ್ತಿದ್ದವೇ. ಆ ಕಾಲ್‌ನ ಬಿಗಿನ್‌ಗಿಂತ ಮುಂಚೆ ಎತ್ತಿಟ್ರೆ ಎರರ್ ನಿಲ್ಲುತ್ತೆ.